ಕಜಾಕ್ ಸ್ವಾಯತ್ತ ಗಣರಾಜ್ಯ: ಹೆಸರು ಮತ್ತು ಅಧಿಕಾರ

ಏಕೀಕರಣವಾಗಿ 17 ವರ್ಷಗಳ ತರುವಾಯ, 1973ರಲ್ಲಿ, ಮೈಸೂರು ರಾಜ್ಯವು ಕರ್ನಾಟಕವೆನಿಸಿತು. ಇದನ್ನು ಬಲ್ಲವರಿಗೆ ಕಜಾಕರ ವೃತ್ತಾಂತವು ತೀರ ಅಪರಿಚಿತವೆನಿಸಲಾರದು. ರಷ್ಯನ್ನರು ಅವರನ್ನು ಬಹುಕಾಲ ಕಿರ್ಗಿಜರೆಂದೇ ಕರೆಯುತ್ತಿದ್ದರು. 1920ರ ಆಗಸ್ಟ್ 26ರಂದು ಸೋವಿಯತ್ ಸರ್ಕಾರವು ಸ್ಥಾಪಿಸಿದ ಸ್ವಾಯತ್ತ ಗಣರಾಜ್ಯಕ್ಕೂ ಅದೇ ಹೆಸರು ಅಂಟಿತು. ನಿಜನಾಮವು ದೊರೆತುದು 1925ರಲ್ಲಿ. ಅದೇ ವರ್ಷ ಮೊದಲ ರಾಜಧಾನಿಯಾದ ಒರೆನ್‌ಬುರ್ಗ್ ನಗರವು ಗಣರಾಜ್ಯದ ಕೈತಪ್ಪಿತು.

ಹೆಸರಿನೊಡನೆ ಅಧಿಕಾರವೂ ಬಂದಿತೆನ್ನುವಂತಿಲ್ಲ. ಕುರಿ ಕುದುರೆಗಳನ್ನೇ ನಂಬಿದ್ದ ಅಲೆಮಾರಿಗಳನ್ನು ಬಲವಂತದಿಂದ ಒಂದೆಡೆ ನೆಲೆಗೊಳಿಸಿ, ಮಾಸ್ಕೋ ವಿಧಿಸಿದ ಪ್ರಮಾಣದಲ್ಲಿ ಧಾನ್ಯವನ್ನೂ ಮಾಂಸವನ್ನೂ ವಸೂಲು ಮಾಡಲಾಯಿತು. 1930ರಿಂದ 1933ರವರೆಗಿನ ಕ್ಷಾಮದಲ್ಲಿ ಸುಮಾರು 15 ಲಕ್ಷ ಮಂದಿ ಮಡಿದರು; ಅವರಲ್ಲಿ ಬಹುಪಾಲು ಕಜಾಕರು. 1936ರಲ್ಲಿ ಅದು ಸೋವಿಯತ್ ಒಕ್ಕೂಟದ ಪೂರ್ಣ ಗಣರಾಜ್ಯವಾದಾಗ ಕಜಾಕರು ಸ್ವಂತ ನಾಡಿನಲ್ಲಿಯೇ ಅಲ್ಪಸಂಖ್ಯಾತರಾಗಿದ್ದರು.