ಗಡ್ಡಿ ಇದ್ದರೆ ಮುಟ್ಟು ತಪ್ಪುತ್ತದೆಯೇ?

“ಎರಡು ತಿಂಗಳಾತು ಮುಟ್ಟಾಗಿಲ್ಲ, ಗರ್ಭಚೀಲದಾಗ ಗಡ್ಡಿ ಬಂದಿರಬೇಕು.” ನೀರಮಾನ್ವಿ, ದೇವದುರ್ಗದ ಕಡೆ ಇಂಥ ಮಾತು ಸಲೀಸಾಗಿ ಬರುತ್ತದೆ. ಆದರೆ ಈ ಗಡ್ಡೆ, ಅಂದರೆ ಫೈಬ್ರಾಯ್ಡ್, ಸಾಮಾನ್ಯವಾಗಿ ತಾರೀಖು ಕೆಡಿಸುವುದಿಲ್ಲ. ಮುಟ್ಟು ಹೊತ್ತಿಗೆ ಸರಿಯಾಗಿ ಬರುತ್ತದೆ. ಬಂದದ್ದು ಬೇಗ ನಿಲ್ಲುವುದಿಲ್ಲ, ಅಷ್ಟೇ. 24ರಿಂದ 38 ದಿನಗಳೊಳಗೆ ಮುಟ್ಟಾಗುವುದು ಸಹಜ. ಅದಕ್ಕಿಂತ ಹಿಂದೆಮುಂದೆ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಬಸಿರು, ಥೈರಾಯ್ಡ್, ಅಂಡಾಶಯದ ತೊಂದರೆಯಾದ ಪಿಸಿಓಎಸ್. ನಲವತ್ತು ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು.

ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಗರ್ಭಕೋಶದ ಒಳಪದರಕ್ಕೆ ಚಾಚಿಕೊಂಡ ಸಣ್ಣ ಗಂಟೂ ರಕ್ತ ಹರಿಸುತ್ತದೆ. ಹೊರಮೈಯಲ್ಲಿ ಬೆಳೆದ ದೊಡ್ಡದು ಮುಟ್ಟನ್ನು ಮುಟ್ಟದೆ, ಮೂತ್ರಚೀಲವನ್ನು ಒತ್ತಿ ಮೂತ್ರಕ್ಕೆ ಪದೇಪದೇ ಎಬ್ಬಿಸಬಹುದು. ಎಷ್ಟೋ ಗಡ್ಡೆಗಳು ಬೇರಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಾಣುತ್ತವೆ, ಅವಕ್ಕೆ ಚಿಕಿತ್ಸೆಯೇ ಬೇಡ.

“ಕೆಟ್ಟ ರಕ್ತ, ಹೋಗಲಿ ಬಿಡು” ಎನ್ನುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು. ಹೋಗುವುದು ಮೈಯಲ್ಲಿ ಓಡಾಡುವ ಅದೇ ರಕ್ತ, ಅದರ ಜೊತೆಗೆ ಕಬ್ಬಿಣಾಂಶ. ತಾಸು ಎರಡು ತಾಸಿಗೆ ಪ್ಯಾಡು ನೆನೆಯುವುದು, ರಾತ್ರಿ ಎದ್ದು ಬಟ್ಟೆ ಬದಲಿಸುವುದು, ದೊಡ್ಡ ಹೆಪ್ಪು ಬೀಳುವುದು, ಎಂಟು ದಿನ ದಾಟುವುದು ಇವೆಲ್ಲ ಅತಿಸ್ರಾವ. ಹತ್ತಿ ಬಿಡಿಸುವಾಗ ಕಣ್ಣಿಗೆ ಕತ್ತಲೆ ಬಂದರೆ ಬಿಸಿಲನ್ನು ಬೈಯುವುದು ಸುಲಭ. ಆದರೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿಳಿದಿದ್ದರೆ ಅದು ರಕ್ತಹೀನತೆ.

ಖಾರ ತಿಂದು ಉಷ್ಣವಾಗಿ ಗಡ್ಡೆ ಬರುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಹಾಗಿದ್ದರೆ ಮೆಣಸಿನಕಾಯಿ ಬೆಳೆಯುವ ರಾಯಚೂರು ಸೀಮೆಯಲ್ಲಿ ಗಂಡಸರೂ ಗಡ್ಡೆ ಹೊತ್ತು ತಿರುಗಬೇಕಿತ್ತು! ಇದು ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಬಲದಲ್ಲಿ ಬೆಳೆಯುವ ಸ್ನಾಯುವಿನ ಗಂಟು. ತಾಯಿಗೋ ಅಕ್ಕನಿಗೋ ಇದ್ದರೆ ಸಾಧ್ಯತೆ ಹೆಚ್ಚು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ.

ಜಾತ್ರೆ, ಮದುವೆ ಬಂತೆಂದು ನುಂಗುವ ಮುಟ್ಟು ಮುಂದೂಡುವ ಗುಳಿಗೆ ಗಡ್ಡೆಯನ್ನು ಕರಗಿಸುವುದಿಲ್ಲ. ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ. ಅದನ್ನು ರೋಗದ ಲಕ್ಷಣವೆಂದು ಹೆದರಬೇಕಿಲ್ಲ.

ಇನ್ನು “ಗಡ್ಡಿ ಅಂದ್ರ ಕ್ಯಾನ್ಸರ್, ಮಕ್ಕಳಾಗ್ಯಾವಲ್ಲ, ಚೀಲ ತೆಗೆಸಿಬಿಡು” ಎನ್ನುವ ಮಾತು. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ, ಅಂಥ ಗಂಟಿನಲ್ಲಿ ಕ್ಯಾನ್ಸರ್ ಸಿಗುವುದು ಬಲು ಅಪರೂಪ. ಈ ಭಯ ಏನು ಮಾಡಬಲ್ಲದು ಎಂಬುದನ್ನು ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆ ಕಂಡಿದೆ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಎದ್ದು 2015ರಲ್ಲಿ ತನಿಖೆ ನಡೆಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಚೀಲ ತೆಗೆಸುವುದು ಕೆಲವರಿಗೆ ಬೇಕಾದೀತು. ಆದರೆ ಅದಕ್ಕೆ ಮೊದಲು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇದೆ, ಕಾಪರ್‌-ಟಿಯಂತೆ ಒಳಗಿಡುವ ಹಾರ್ಮೋನ್ ಸಾಧನವಿದೆ, ಗಂಟನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಂತವರ ಬೇನೆಗಳು, ಮೂಳೆ ಸವೆತ, ಎಳೆ ವಯಸ್ಸಿನಲ್ಲೇ ಬೆನ್ನು ಹತ್ತುತ್ತವೆ.

ಕಾಯಲೇಬಾರದ ಸಂದರ್ಭಗಳೂ ಇವೆ: ಎರಡು ಮುಟ್ಟಿನ ನಡುವೆ ರಕ್ತ ಕಂಡರೂ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಅದನ್ನು ಗಡ್ಡೆಯ ತಲೆಗೆ ಕಟ್ಟದೆ ಒಳಪದರದ ಪರೀಕ್ಷೆ ಮಾಡಿಸಬೇಕು.