ಅರ್ಥ ಸಿಕ್ಕಿದ್ದು ಮರದ ಬುಡದಲ್ಲಿ

ಚಳಿಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಊರಿಗೆ ಹೋದರೂ ‘ಕೊನೆ ಆತಾ?’ ಎಂಬ ಮಾತು ಕಿವಿಗೆ ಬೀಳುತ್ತದೆ. ನಿಘಂಟು ಹಿಡಿದು ಕನ್ನಡ ಕಲಿತವರಿಗೆ ಏನೋ ಮುಗಿಯಿತೇ ಎಂದು ಕೇಳಿದಂತೆ ಕಂಡೀತು. ಮರದ ತುದಿಯಲ್ಲಿ ಕೊನೆಗೌಡ, ಬುಡದಲ್ಲಿ ಹಗ್ಗ ಹಿಡಿದು ನಿಂತವ, ನಡುವೆ ಜಾರಿ ಬರುವ ಅಡಿಕೆಗೊನೆ. ಇಷ್ಟು ಕಂಡರೆ ಮತ್ತೆ ವಿವರಣೆ ಬೇಡ. ‘ಬೆಟ್ಟ’ವೂ ಹಾಗೆಯೇ. ನಮ್ಮಲ್ಲಿ ಅದು ತೋಟಕ್ಕೆ ಸೊಪ್ಪು ತರುವ ಕಾಡು.

ಪದದ ಅರ್ಥವನ್ನು ಅದನ್ನು ಆಡಿದ ಜಾಗದಲ್ಲೇ ಹುಡುಕಬೇಕು ಎಂಬುದು ವಿದ್ವಾಂಸರಿಗೆ ಹೊಳೆದದ್ದು ದೂರದ ಕಡಲಲ್ಲಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಪೋಲೆಂಡಿನ ಬ್ರಾನಿಸ್ಲಾವ್ ಮಲಿನೋವ್‌ಸ್ಕಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿಕೊಂಡಿದ್ದರು. ಅಲ್ಲಿನವರ ದೋಣಿಯಾನದ ಮಾತುಗಳನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ತಲೆಬುಡ ತಿಳಿಯಲಿಲ್ಲ. ದೋಣಿ ಹೇಗೆ ಸಾಗುತ್ತದೆ, ಯಾರ ಎದುರು ಯಾರು ಜಂಬ ಕೊಚ್ಚುತ್ತಾರೆ ಎಂದು ಹೇಳಿದ ಮೇಲೆಯೇ ಮಾತು ಬಿಡಿಸಿಕೊಂಡಿತು. 1923ರ ಬರಹದಲ್ಲಿ ಅವರು ಇದನ್ನು ಸನ್ನಿವೇಶದ ಸಂದರ್ಭ ಎಂದು ಕರೆದರು. ಸುದ್ದಿ ತಿಳಿಸಲಿಕ್ಕಲ್ಲ, ಬರೀ ಒಡನಾಟಕ್ಕೆಂದು ಆಡುವ ಮಾತನ್ನೂ ಅಲ್ಲೇ ಗುರುತಿಸಿದರು. ನಮ್ಮ ಜಗಲಿಯ ‘ಕವಳ ಹಾಕಿ’ ಅಂಥದ್ದೇ. ಎಲೆ ಮುಟ್ಟದ ನೆಂಟನ ಮುಂದೂ ತಟ್ಟೆ ಸರಿಯುತ್ತದೆ, ಆತ ಆರಾಮಾಗಿ ಕೂರುತ್ತಾನೆ.

ಲಾಹೋರಿನಲ್ಲಿ ಪಾಠ ಮಾಡಿ ಲಂಡನ್ನಿಗೆ ಮರಳಿದ ಜೆ.ಆರ್. ಫರ್ತ್ ಈ ಎಳೆಯನ್ನು ಹಿಡಿದರು. ಅವರ ಶಿಷ್ಯ ಮೈಕೆಲ್ ಹ್ಯಾಲಿಡೇ ಅದರ ಮೇಲೆ ವ್ಯಾಕರಣವನ್ನೇ ಕಟ್ಟಿದರು: ಯಾವ ವಿಷಯ, ಯಾರ ಯಾರ ನಡುವೆ, ಯಾವ ಬಗೆಯಲ್ಲಿ. ವಾಕ್ಯಗಳು ಹೆಣೆದುಕೊಂಡು ಪಠ್ಯವಾಗುವುದು ಹೇಗೆಂದು 1976ರಲ್ಲಿ ಅವರೊಡನೆ ಪುಸ್ತಕ ಬರೆದವರು ರುಕಯ್ಯಾ ಹಸನ್. ಹುಟ್ಟೂರು ಉತ್ತರ ಪ್ರದೇಶದ ಪ್ರತಾಪಗಢ.

ನನಗೆ ಇವರೆಲ್ಲರಿಗಿಂತ ಹತ್ತಿರದವರು ಡಿ.ಎನ್. ಶಂಕರ ಭಟ್ಟರು. ಅವರದು ಹ್ಯಾಲಿಡೇ ಪಂಥವಲ್ಲ, ಸ್ವಂತ ದಾರಿ. 1971ರಲ್ಲಿ ಹವ್ಯಕ ನುಡಿಗೆ ವ್ಯಾಕರಣ ಬರೆದರು. ಮನೆಯೊಳಗಿನ ಮಾತಿಗೂ ವ್ಯಾಕರಣವಿದೆ ಎಂದು ತೋರಿಸಿದ ಕೆಲಸವದು. 1991ರ ಪುಸ್ತಕದಲ್ಲಿ ಇನ್ನೂ ಆಳಕ್ಕೆ ಇಳಿದರು. ‘ಗೌಡ ಕೊನೆಯನ್ನು ಇಳಿಸಿದ’, ‘ಕೊನೆಯನ್ನು ಗೌಡ ಇಳಿಸಿದ’ ಎಂಬ ಎರಡು ವಾಕ್ಯ ನೋಡಿ. ಇಳಿಸಿದ್ದು ಯಾರು, ಇಳಿದದ್ದು ಯಾವುದು ಎಂಬುದನ್ನು ವಿಭಕ್ತಿಯೇ ಹೇಳುತ್ತದೆ, ಪದಗಳ ಜಾಗ ಬದಲಾದರೂ ಅದು ಕೆಡದು. ಹಾಗಾದರೆ ಜಾಗ ಬದಲಿಸುವುದೇಕೆ? ಮಾತು ಈಗ ಗೌಡನ ಸುತ್ತ ಇದೆಯೋ ಕೊನೆಯ ಸುತ್ತ ಇದೆಯೋ ಎಂದು ಕೇಳುವವನಿಗೆ ತಿಳಿಸಲು. ಇಂಗ್ಲಿಷಿನಲ್ಲಿ ಈ ಎರಡು ಕೆಲಸವೂ ಕರ್ತೃಪದದಲ್ಲಿ ಒಟ್ಟಾಗಿ ಗಂಟುಬಿದ್ದಿವೆ. ಕನ್ನಡ ಅವನ್ನು ಬೇರೆ ಬೇರೆ ಇಟ್ಟುಕೊಂಡಿದೆ. ಆದ್ದರಿಂದ ಕನ್ನಡಕ್ಕೆ ಕರ್ತೃ ಎಂಬ ಆ ಕಲ್ಪನೆಯೇ ಬೇಡ ಎಂದರು ಭಟ್ಟರು. ಆಡುವವನ ಅಗತ್ಯ ವಾಕ್ಯದ ಒಳಗೇ ಕುಳಿತಿರುವುದನ್ನು ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕೆಲಸ ನಾನು ಕಂಡಿಲ್ಲ.

ಈಗ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಕೊನೆಗೌಡರು ಕಡಿಮೆಯಾಗಿದ್ದಾರೆ. ಈ ಸಲ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತವರ ಮಾತನ್ನು ಫೋನಿನಲ್ಲಿ ಹಿಡಿದಿಡಿ. ಪದ ಮಾತ್ರ ಸಾಲದು. ಯಾರು, ಯಾರಿಗೆ, ಏನು ಮಾಡುತ್ತ ಹೇಳಿದರು ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.