ಮದ್ದಿನ ಲೆಕ್ಕಕ್ಕೆ ನಂಬತಕ್ಕ ಪುಸ್ತಕ ಯಾವುದು?

ಕಾದಂಬರಿಯಲ್ಲಿ ತಪ್ಪೊಂದು ನುಸುಳಿದರೆ ವಾಚಕನು ನಕ್ಕು ಪುಟ ತಿರುವುತ್ತಾನೆ. ಪಾಕಶಾಸ್ತ್ರದ ಪುಸ್ತಕ ತಪ್ಪು ಹೇಳಿದರೆ ಒಂದು ಹೊತ್ತಿನ ಸಾರು ಕೆಟ್ಟೀತು. ಆದರೆ ಒಂದೇ ಒಂದು ಅಂಕಿ ತಪ್ಪಿದರೂ ಓದಿದವನ ಕಣ್ಣನ್ನೋ ಕೈಯನ್ನೋ ಬಲಿ ತೆಗೆದುಕೊಳ್ಳಬಲ್ಲ ಪುಸ್ತಕಗಳೂ ಲೋಕದಲ್ಲಿವೆ. ಬಂದೂಕಿನ ಖಾಲಿ ತೋಟೆಗಳನ್ನು ಮರಳಿ ತುಂಬುವ ವಿದ್ಯೆಯ ಕೈಪಿಡಿಗಳು ಅಂಥವು.

ಈ ಹವ್ಯಾಸ ಹುಲುಸಾಗಿ ಬೆಳೆದಿರುವುದು ಅಮೆರಿಕದಲ್ಲಿ. ತೋಟೆಯಲ್ಲಿರುವ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಕೇಪು, ಮದ್ದು ಮತ್ತು ಗುಂಡು. ಈಡು ಹಾರಿದ ಮೇಲೆ ಉಳಿಯುವುದು ಕೋಶವೊಂದೇ; ಬೆಲೆಯುಳ್ಳದ್ದೂ ಅದೇ. ಆದುದರಿಂದ ಅಲ್ಲಿನ ಗುರಿಕಾರರು ಅದನ್ನು ಎಸೆಯದೆ, ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ಮತ್ತೆ ಬಳಸುತ್ತಾರೆ. ಹಣದ ಉಳಿತಾಯದ ಜೊತೆಗೆ, ತಮ್ಮ ಕೋವಿಗೆ ಒಪ್ಪುವ ತೋಟೆಯನ್ನು ತಾವೇ ಹೊಂದಿಸಿಕೊಂಡ ತೃಪ್ತಿಯೂ ಅವರಿಗುಂಟು.

ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಿಂದ. 7,000 ಗ್ರೇನ್ ಸೇರಿದರೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಗ್ರೇನ್ ಅರ್ಧ ಗುಲಗಂಜಿಗಿಂತ ಎಳ್ಳಷ್ಟು ಹೆಚ್ಚು. ಇಂಥ ಕೆಲವೇ ಗ್ರೇನುಗಳ ವ್ಯತ್ಯಾಸವು ನಳಿಗೆಯೊಳಗಿನ ಒತ್ತಡವನ್ನು ಅಪಾಯದ ಗಡಿ ದಾಟಿಸಬಲ್ಲದು. ಪುಸ್ತಕದ ಆಯ್ಕೆ ಇಲ್ಲಿ ಅಭಿರುಚಿಯ ಮಾತಲ್ಲ, ಪ್ರಾಣದ ಮಾತು.

ಹಾಗಾದರೆ ನೋಡಬೇಕಾದುದೇನು?

ಮೊದಲನೆಯದು, ಅಚ್ಚಾದ ವರ್ಷ. ಮದ್ದಿನ ತಯಾರಿಕೆ ಕಾಲಕಾಲಕ್ಕೆ ಬದಲಾಗುತ್ತದೆ. ಫಿಲಿಪ್ ಶಾರ್ಪ್ ಅವರು 1937ರಲ್ಲಿ ಹೊರತಂದ ಬೃಹದ್ಗ್ರಂಥವು ತನ್ನ ಕಾಲದಲ್ಲಿ ಮಾನ್ಯವಾಗಿದ್ದಿತು. ಇಂದು ಅದು ಚರಿತ್ರೆಯ ಕಪಾಟಿಗೆ ಭೂಷಣವೇ ಹೊರತು ತಕ್ಕಡಿಯ ಪಕ್ಕಕ್ಕಲ್ಲ. ಹಳೆಯ ಅಳತೆಗಳು ಮೋಸಗೊಳಿಸುವ ಬಗೆ ನೋಡಿ: ಚರೆಕೋವಿಯ ತೋಟೆಗಳ ಪೆಟ್ಟಿಗೆಯ ಮೇಲೆ ಇಷ್ಟು 'ಡ್ರಾಂ ಸಮಾನ' ಎಂದು ಬರೆದಿರುವುದುಂಟು. ಅಷ್ಟು ಡ್ರಾಂ ಕರಿಮದ್ದು ಕೊಡುತ್ತಿದ್ದ ವೇಗಕ್ಕೆ ಈ ತೋಟೆ ಸರಿಸಮಾನ ಎಂಬುದಷ್ಟೇ ಅದರ ಅರ್ಥ. ಅದನ್ನೇ ತೂಕವೆಂದು ಭ್ರಮಿಸಿ, ಕರಿಮದ್ದಿಗಿಂತ ಎಷ್ಟೋ ಪ್ರಬಲವಾದ ಹೊಗೆಯಿಲ್ಲದ ಮದ್ದನ್ನು ಅಷ್ಟೇ ತೂಗಿ ತುಂಬಿದವನ ಗತಿಯನ್ನು ವಾಚಕರೇ ಊಹಿಸಬಹುದು!

ಎರಡನೆಯದು, ಪರೀಕ್ಷೆ ಮಾಡಿದವರು ಯಾರೆಂಬುದು. ಲೈಮನ್ ಸಂಸ್ಥೆಯ ಕೈಪಿಡಿ ಹಲವಾರು ಆವೃತ್ತಿಗಳನ್ನು ಕಂಡಿದೆ. ಹಾರ್ನಡಿ, ಸ್ಪಿಯರ್, ಸಿಯೆರಾ ಮುಂತಾದ ಗುಂಡು ತಯಾರಕರೂ ತಮ್ಮವನ್ನು ಪ್ರಕಟಿಸುತ್ತಾರೆ. ಒಳ್ಳೆಯ ಕೈಪಿಡಿಯು ಕೋಶ, ಕೇಪು, ಮದ್ದು, ಗುಂಡುಗಳ ಹೆಸರನ್ನೂ ನಳಿಗೆಯ ಉದ್ದವನ್ನೂ ಸ್ಪಷ್ಟವಾಗಿ ಹೇಳುತ್ತದೆ; ಆರಂಭದ ಪ್ರಮಾಣ, ಮೀರಬಾರದ ಪ್ರಮಾಣ ಎರಡನ್ನೂ ಕೊಡುತ್ತದೆ. ಬಲ್ಲವರು ಎರಡು ಮೂರು ಕೈಪಿಡಿಗಳನ್ನು ಹೋಲಿಸಿ, ಕೆಳಗಿನ ಪ್ರಮಾಣದಿಂದಲೇ ತೊಡಗುತ್ತಾರೆ.

ಮೂರನೆಯದು, ಕಾರಣವನ್ನು ತಿಳಿಸುವ ಗುಣ. ಇದಕ್ಕೆ ಉತ್ತಮ ನಿದರ್ಶನ, ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಅವರು 1947ರಲ್ಲಿ ಪ್ರಕಟಿಸಿದ 'ಹ್ಯಾಚರ್ಸ್ ನೋಟ್‌ಬುಕ್'. 1917ರಲ್ಲಿ ಅಲ್ಲಿನ ಕೆಲವು ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಒಡೆದು ಸಿಡಿದಾಗ ಅದರ ಮೂಲವನ್ನು ಹುಡುಕಲಾಯಿತು. ಕುಲುಮೆಯ ಉಕ್ಕು ಎಷ್ಟು ಕಾದಿದೆಯೆಂಬುದನ್ನು ನುರಿತ ಕೆಲಸಗಾರರು ಬಣ್ಣ ನೋಡಿ ನಿರ್ಣಯಿಸುತ್ತಿದ್ದರು. ಬಿಸಿಲಿನ ದಿನ ಅವರ ಕಣ್ಣಿಗೆ ಸರಿಯೆನಿಸಿದ ಕಾವು, ಮೋಡದ ದಿನಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಹೆಚ್ಚಾಗಿರುತ್ತಿತ್ತೆಂದು ತಿಳಿದುಬಂತು! ಹೆಚ್ಚು ಕಾದ ಉಕ್ಕು ಪೆಡಸಾಗಿತ್ತು. ಅನುಭವವೂ ಅಳತೆಗೋಲಿಗೆ ತಲೆಬಾಗಬೇಕೆಂಬ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ದೊರೆತೀತು?

ನಮ್ಮ ದೇಶದಲ್ಲಿ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ಕೋವಿಯನ್ನು ಪೂಜಿಸುವ ಕೊಡಗಿನ ಮನೆಗಳಿಗೂ ಇರುವ ವಿಶೇಷ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವ ಪರವಾನಿಗೆಗೆ ಸಂಬಂಧಿಸಿದುದು. ಹಾಗೆಂದು ಗುರಿವಿದ್ಯೆಯ ಆಸೆಯುಳ್ಳ ತರುಣ ತರುಣಿಯರು ನಿರಾಶರಾಗಬೇಕಿಲ್ಲ. ಹತ್ತು ಮೀಟರಿನ ಏರ್ ರೈಫಲಿಗೆ ಮದ್ದೇ ಬೇಡ. ಅಲ್ಲಿ ತುಂಬಿಸಿಕೊಳ್ಳಬೇಕಾದುದು ಮನಸ್ಸನ್ನು. 1976ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಲ್ಯಾನಿ ಬ್ಯಾಶಮ್ ಅವರ 'ವಿತ್ ವಿನ್ನಿಂಗ್ ಇನ್ ಮೈಂಡ್' ಹಾಗೂ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ತಂದ ನಮ್ಮವರೇ ಆದ ಅಭಿನವ್ ಬಿಂದ್ರಾ ಅವರ ಆತ್ಮಕಥೆ 'ಎ ಶಾಟ್ ಅಟ್ ಹಿಸ್ಟರಿ' ಈ ದಾರಿಗೆ ಒಳ್ಳೆಯ ಜೊತೆಗಾರರು. ಆದರೂ ನಿಲುವು, ಉಸಿರು, ಬೆರಳಿನ ಹದಗಳನ್ನು ತಿದ್ದಲು ಗುರುವಿನ ಕಣ್ಣೇ ಬೇಕು.

ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಕೋವಿಯ ಪುಸ್ತಕವೊಂದು ಸಿಕ್ಕಿತೆನ್ನಿ. ಧೂಳು ಕೊಡವಿ ಅಗತ್ಯವಾಗಿ ಓದಿ. ಕಥೆಗೆ ಕಿವಿಗೊಡಿ, ಚಿತ್ರಗಳನ್ನು ಸವಿಯಿರಿ. ಅದರ ಅಂಕಿಗಳನ್ನು ಮಾತ್ರ ಅಲ್ಲಿಯೇ ಬಿಟ್ಟುಬಿಡಿ.